ರೋಗಿಯನ್ನು ಕಾಣದ ಶುಶ್ರೂಷಕರು

ದೆಹಲಿಯ ಅನ್ಸಾರಿ ನಗರದಲ್ಲಿ, ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮುಂದೆ, ಬೆಳಗಿನ ಜಾವಕ್ಕೇ ಜನ ಸಾಲುಗಟ್ಟುತ್ತಾರೆ. ದೂರದ ಊರುಗಳಿಂದ ಬಂದವರು ಎಕ್ಸ್‌ರೇ ಲಕೋಟೆಯನ್ನು ಎದೆಗವಚಿಕೊಂಡು ಕಾಯುತ್ತಾರೆ. ಅವರ ಭರವಸೆಯೆಲ್ಲ ವೈದ್ಯರ ಮೇಲೆ. ಅದೇ ಅನ್ಸಾರಿ ನಗರದಲ್ಲಿ ಸಾಲುಗಳಿಲ್ಲದ ಇನ್ನೊಂದು ಬಾಗಿಲಿದೆ. ಅದು ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ್ದು. ಕೇಂದ್ರ ಸರ್ಕಾರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯಕ್ಕೆ ಸೇರಿದ ಈ ಗ್ರಂಥಾಲಯ ರಾಷ್ಟ್ರೀಯ ಸ್ಥಾನ ಪಡೆದದ್ದು 1966ರಲ್ಲಿ. ಎರಡು ಬಾಗಿಲುಗಳ ನಡುವೆ ಇರುವ ನಂಟು ಸಾಲಿನಲ್ಲಿ ನಿಂತವರ ಅರಿವಿಗೆ ಬರುವುದಿಲ್ಲ.

ಕನ್ನಡದ ಓದುಗರಿಗೆ ಈ ನಂಟು ಹೊಸದಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದ. ಆ ವಿದ್ಯೆ ಕವಿಯೊಂದಿಗೆ ಅಳಿಯದೆ ಉಳಿದದ್ದು ಓಲೆಗರಿಗಳನ್ನು ಪ್ರತಿಮಾಡಿದ, ಜತನದಿಂದ ಕಾಪಾಡಿದ ಹೆಸರಿಲ್ಲದ ಕೈಗಳಿಂದ. ಮದ್ದನ್ನು ಬಲ್ಲವನಷ್ಟೇ ಮದ್ದಿನ ಮಾತನ್ನು ಕಾಯುವವನೂ ಸಮಾಜಕ್ಕೆ ಬೇಕು.

ಕಾಯ್ದರಷ್ಟೇ ಸಾಲದು, ಬೇಕಾದಾಗ ಹುಡುಕಿಕೊಡಬೇಕು. 2001ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಅಸ್ತಮಾ ಸಂಶೋಧನೆಗೆ ತಾನಾಗಿ ಮುಂದೆ ಬಂದ ಇಪ್ಪತ್ತನಾಲ್ಕು ವರ್ಷದ ಆರೋಗ್ಯವಂತ ತರುಣಿಯೊಬ್ಬಳು ಹೆಕ್ಸಾಮೆಥೋನಿಯಂ ಎಂಬ ಔಷಧವನ್ನು ಉಸಿರಿನ ಮೂಲಕ ಸೇವಿಸಿ, ಶ್ವಾಸಕೋಶ ಕೆಟ್ಟು ತೀರಿಕೊಂಡಳು. ಆ ಔಷಧದಿಂದ ಶ್ವಾಸಕೋಶಕ್ಕೆ ಹಾನಿಯಾಗಬಹುದೆಂದು 1950ರ ದಶಕದ ಪತ್ರಿಕೆಗಳಲ್ಲಿ ವರದಿಗಳಿದ್ದವು. ಆದರೆ ಸಂಶೋಧಕರು ನೆಚ್ಚಿದ್ದ ಗಣಕ ಸೂಚಿ 1966ರಿಂದ ಈಚಿನದನ್ನು ಮಾತ್ರ ತೋರಿಸುತ್ತಿತ್ತು. ಎಚ್ಚರಿಕೆಯ ಮಾತು ಅಚ್ಚಾಗಿ ಕಪಾಟಿನಲ್ಲಿದ್ದೂ ಕೇಳಬೇಕಾದವರ ಕಿವಿಗೆ ಬೀಳಲಿಲ್ಲ. ಸೂಚಿ ಎಲ್ಲಿಗೆ ಮುಗಿಯುತ್ತದೆ, ಅದರಾಚೆ ಎಲ್ಲಿ ಹುಡುಕಬೇಕು ಎಂಬುದನ್ನು ಬಲ್ಲ ಗ್ರಂಥಪಾಲಕನ ವಿದ್ಯೆ ಜೀವರಕ್ಷಣೆಯ ವಿದ್ಯೆಯೇ ಸರಿ.

ಆದರೆ ಯಾವ ಗ್ರಂಥಾಲಯದಲ್ಲಿಯೂ ಎಲ್ಲವೂ ಇರಲಾರದು. ಈ ಬಡತನವನ್ನು ಒಪ್ಪಿಕೊಂಡಲ್ಲಿಯೇ ಸಂಘದ ಹುಟ್ಟು. 1898ರಲ್ಲಿ ಫಿಲಡೆಲ್ಫಿಯದಲ್ಲಿ ನಾಲ್ವರು ಗ್ರಂಥಪಾಲಕರೂ ನಾಲ್ವರು ವೈದ್ಯರೂ ಕೂಡಿ ವೈದ್ಯಕೀಯ ಗ್ರಂಥಪಾಲಕರ ಸಂಘವನ್ನು ಕಟ್ಟಿದರು. ತಮ್ಮಲ್ಲಿ ಹೆಚ್ಚಾದುದನ್ನು ಇಲ್ಲದವರಿಗೆ ಕೊಟ್ಟು, ತಮಗಿಲ್ಲದುದನ್ನು ಪಡೆಯುವ ವಿನಿಮಯವೇ ಅವರ ಮೊದಲ ಕೆಲಸಗಳಲ್ಲಿ ಒಂದು. ಪ್ರಸಿದ್ಧ ವೈದ್ಯ ವಿಲಿಯಂ ಆಸ್ಲರ್ ಮುಂದೆ ಅದರ ಅಧ್ಯಕ್ಷರಾದರು. ಭಾರತದಲ್ಲಿಯೂ ವೈದ್ಯಕೀಯ ಗ್ರಂಥಾಲಯ ಸಂಘವು ಸಮ್ಮೇಳನಗಳ ಮೂಲಕ ಈ ವೃತ್ತಿಯವರನ್ನು ಒಂದೆಡೆ ತಂದಿದೆ. ಅಂಥ ಕೂಟಗಳಿಂದ ಬೆಳೆಯುವ ಪರಿಚಯವೇ ಎಷ್ಟೋ ಸಲ ಒಂದು ಊರಿನ ಕೋರಿಕೆಗೆ ಇನ್ನೊಂದು ಊರಿನಿಂದ ಉತ್ತರ ತರಿಸುತ್ತದೆ.

ಒಂದು ಕಾಲದಲ್ಲಿ ಆ ಉತ್ತರ ಲೇಖನದ ಛಾಯಾಪ್ರತಿಯಾಗಿ ಅಂಚೆಯಲ್ಲಿ ಬರುತ್ತಿತ್ತು. 2003ರಲ್ಲಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ‘ಹೆಲಿನೆಟ್’ ಎಂಬ ಜಾಲವನ್ನು ರೂಪಿಸಿ, ಬಿಡಿಯಾಗಿ ಕೊಳ್ಳಲಾಗದ ವಿದ್ಯುನ್ಮಾನ ಪತ್ರಿಕೆಗಳನ್ನು ತನ್ನ ಕಾಲೇಜುಗಳು ಕೂಡಿ ಓದುವಂತೆ ಮಾಡಿತು. ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ‘ಎರ್ಮೆಡ್’ ಒಕ್ಕೂಟ 2008ರಲ್ಲಿ ಆರಂಭವಾಯಿತು. 2025ರಲ್ಲಿ ಜಾರಿಗೆ ಬಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಸಾವಿರಾರು ಪತ್ರಿಕೆಗಳನ್ನು ತೆರೆದಿದೆ. ಪತ್ರಿಕೆ ಕೈಗೆಟುಕಿತೆಂದ ಮಾತ್ರಕ್ಕೆ ಗ್ರಂಥಪಾಲಕನ ಕೆಲಸ ತೀರಿತೆಂದು ಆಡಳಿತಗಾರರು ಭಾವಿಸುವ ಅಪಾಯ ಈಗ ಎದುರಾಗಿದೆ. ರಾಶಿ ಬೆಳೆದಷ್ಟೂ ಕಾಳು ಆರಿಸುವವನ ಅಗತ್ಯ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಇದನ್ನು ಅಧಿಕಾರದಲ್ಲಿರುವವರಿಗೆ ಮನಗಾಣಿಸುವುದು ಒಬ್ಬಂಟಿ ನೌಕರನಿಂದ ಆಗದು, ಸಂಘದಿಂದ ಆದೀತು.

ತರುಣ ವೈದ್ಯನೊಬ್ಬ ಅಪರೂಪದ ರೋಗವೊಂದರ ಹೆಸರು ಹೇಳಿ ಮೇಜಿನ ಮುಂದೆ ನಿಲ್ಲುತ್ತಾನೆ. ಗ್ರಂಥಪಾಲಕ ಹುಡುಕಿ ನಾಲ್ಕು ಪುಟ ಕೈಗಿಡುತ್ತಾನೆ. ವೈದ್ಯ ಅವಸರದಿಂದ ಹೊರಟುಹೋಗುತ್ತಾನೆ. ರೋಗಿ ಯಾರು, ಬದುಕಿದರೇ ಇಲ್ಲವೇ ಎಂಬುದು ಗ್ರಂಥಪಾಲಕನಿಗೆ ತಿಳಿಯುವುದೇ ಇಲ್ಲ. ತಿಳಿಯದೆಯೂ ಆತ ಮರುದಿನ ಅದೇ ಮೇಜಿಗೆ ಬಂದು ಕೂರುತ್ತಾನೆ. ಹೊರಗೆ ಕಾಯುತ್ತಿರುವ ಸಾಲು ಆತನನ್ನೂ ನಂಬಿದೆ.