ಶಿಲುಬೆಯ ಬುಡದಲ್ಲಿ ತಾವರೆ

ಸೋದರಿಯರೇ, ನಮ್ಮ ಅಜ್ಜೀಪುರದ ಕಡೆಯವರಿಗೆ ಯಾತ್ರೆ ಅಂದ್ರೆ ಮಹದೇಶ್ವರನ ಬೆಟ್ಟ. ಈ ಸಲ ರಜೆಗೆ ಸ್ವಲ್ಪ ದೂರ ಹೋಗಬೇಕೆನಿಸಿದರೆ ಕೇರಳದ ಕಡುತುರುತ್ತಿ, ಕುರವಿಲಂಗಾಡಿಗೆ ಹೋಗಿಬನ್ನಿ. ಮೈಸೂರಿನಿಂದ ರೈಲಿನಲ್ಲಿ ಹೋಗಿ ಎರ್ನಾಕುಲದಲ್ಲಿ ಇಳಿದರೆ, ಅಲ್ಲಿಂದ ಕೊಟ್ಟಾಯಂ ಕಡೆಗೆ ಬಸ್ಸುಗಳಿವೆ.

ಅಲ್ಲಿ ಹಳೆಯ ಇಗರ್ಜಿಗಳ ಮುಂದೆ, ಬಯಲಲ್ಲಿ ಎತ್ತರದ ಕಲ್ಲಿನ ಶಿಲುಬೆಗಳು ನಿಂತಿವೆ. ಎಲ್ಲರೂ ಕತ್ತೆತ್ತಿ ತುದಿ ನೋಡ್ತಾರೆ. ನೀವು ಬುಡ ನೋಡಿ. ನಮ್ಮ ಗುಡಿಯ ಗರುಡಗಂಬದ ಪೀಠವೇ ಇಲ್ಲಿ ಬಂದು ಕೂತಿದೆಯೇನೋ ಅನ್ನಿಸುತ್ತೆ! ಬಲಿಪೀಠದ ಹಾಗೆ ಅರಳಿದ ತಾವರೆಯ ದಳಗಳು, ಪಟ್ಟಿಯ ಮೇಲೆ ಪಟ್ಟಿ. ಕೆಲವು ಕಡೆ ಆನೆ, ನವಿಲುಗಳೂ ಉಂಟು. ಗುಡಿಗೂ ಇಗರ್ಜಿಗೂ ಉಳಿ ಹಿಡಿದದ್ದು ಒಂದೇ ನಾಡಿನ ಕಲ್ಲುಕುಟಿಗರು ತಾನೆ?

ಇಷ್ಟು ಭಾರದ ಕಂಬ ನಿಲ್ಲೋದು ಹೇಗೆ ಅಂತೀರಾ? ಬೀಸೋಕಲ್ಲಿನ ಗೂಟ ನೆನಪು ಮಾಡ್ಕೊಳ್ಳಿ. ಕಂಬದ ಕೆಳತುದಿಯನ್ನು ಸಣ್ಣದಾಗಿ ಕೆತ್ತಿ, ಪೀಠದ ಗುಳಿಗೆ ಇಳಿಸಿ ಕೂರಿಸುತ್ತಾರೆ. ಬುಡ ಸಡಿಲವಾದರೆ ಮೇಲಿನದೆಲ್ಲ ಹೋದಂತೆಯೇ.

ಪೀಠದ ಸುತ್ತ ದೀಪ ಹಚ್ಚುವ ಪದ್ಧತಿಯೂ ಇದೆ. 1599ರಲ್ಲಿ ಗೋವಾದ ಆರ್ಚ್‌ಬಿಷಪ್ ಮೆನೆಜಿಸ್ ಉದಯಂಪೇರೂರಿನಲ್ಲಿ ಸಭೆ ಸೇರಿಸಿ, ಅಲ್ಲಿನ ಕ್ರೈಸ್ತರ ಎಷ್ಟೋ ಹಳೆಯ ಆಚಾರಗಳನ್ನು ಬದಲಾಯಿಸಿದರು, ಹಳೆಯ ಪುಸ್ತಕಗಳನ್ನೂ ಸುಡಿಸಿದರು. ಎಣ್ಣೆ ದೀಪ ಮಾತ್ರ ಆರಲಿಲ್ಲ, ನೋಡಿ.

ದೂರದ ಐರ್ಲೆಂಡಿನಲ್ಲೂ ಹೀಗೇ. ಕೆಲ್ಸ್ ಎಂಬ ಊರಿನ ಹಳೆಯ ಕಲ್ಲುಶಿಲುಬೆಯ ಬುಡದಲ್ಲಿ ಕುದುರೆ ಸವಾರರನ್ನು ಕೆತ್ತಿದ್ದಾರೆ. ಅವರವರ ಬುಡದಲ್ಲಿ ಅವರವರ ನಾಡು!

ಕೇರಳದಲ್ಲಿ ಹಳೆಯ ಇಗರ್ಜಿ ಕೆಡವಿ ಹೊಸದು ಕಟ್ಟಿದ ಎಷ್ಟೋ ಊರುಗಳಲ್ಲಿ ಅಂಗಳದ ಶಿಲುಬೆಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ನಾವೋ, ಗುಡಿ ಜೀರ್ಣೋದ್ಧಾರ ಅಂತ ಹಳೆಯ ಪೀಠದ ಕಲ್ಲನ್ನು ಕಿತ್ತು ಬಾವಿಕಟ್ಟೆಗೆ ಹಾಕಿಬಿಡ್ತೀವಿ, ಅದರ ಮೇಲೆ ಬಟ್ಟೆ ಒಗೀತೀವಿ. ಉಳಿದದ್ದಕ್ಕೆ ಸುಣ್ಣ, ಬಣ್ಣ, ಮೇಲೊಂದು ಟೈಲ್ಸು. ದಳದ ಸಂದೆಲ್ಲ ಮುಚ್ಚಿ ತಾವರೆ ಮುದ್ದೆಯಾಗುತ್ತೆ.

ಗುಡಿಯ ಕೆಲಸಕ್ಕೆ ಚಂದಾ ಕೇಳಲು ಮನೆಬಾಗಿಲಿಗೆ ಬಂದಾಗ ದುಡ್ಡು ಕೊಡೋದು ನಾವೇ ಅಲ್ಲವೆ? ಕೊಡುವಾಗಲೇ ಒಂದು ಮಾತು ಸೇರಿಸಿ: “ಹಳೇ ಕಲ್ಲಿಗೆ ಬಣ್ಣ ಬಳೀಬೇಡಿ, ಪೀಠ ಕದಲಿಸಬೇಡಿ.” ನಿಮ್ಮ ಹಿತ್ತಲಿನ ಒಗೆಯೋ ಕಲ್ಲನ್ನೂ ಒಮ್ಮೆ ತಿಕ್ಕಿ ತೊಳೆದು ನೋಡಿ. ತಾವರೆ ಕಂಡರೆ ಬಟ್ಟೆಗೆ ಬೇರೆ ಕಲ್ಲು ಹಾಕಿಸಿ.