ನಮ್ಮ ಅಂಗಡಿಯ ಡಬ್ಬಿ

ನಮ್ಮದು ರಾತ್ರಿ ಊಟ ಮಾಡದ ಮನೆ. ಆದರೂ ಅವಲಪಲ್ಲಿಯ ಅಂಗಡಿಯಲ್ಲಿ ಬೀಡಿ, ಹೊಗೆಸೊಪ್ಪು ಮಾರುತ್ತಿದ್ದೆವು. ಗಲ್ಲಾದಲ್ಲಿ ಕೂತ ಅಣ್ಣನವರಿಗೆ ಹೊಗೆಸೊಪ್ಪಿನ ಚಟ ಹತ್ತಿತು. ದಶಲಕ್ಷಣ ಪರ್ವದಲ್ಲಿ ನಿಯಮ ತೆಗೆದುಕೊಂಡರು. ಮೂರನೆಯ ದಿನಕ್ಕೆ ಮುರಿಯಿತು. ನಾವು ಹಂಗಿಸಿದೆವು.

ಕೊನೆಗೆ ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್‌ಗೆ ಕರೆದೊಯ್ದೆವು. 2002ರಲ್ಲಿ ದೇಶದಲ್ಲಿ ಆರಂಭವಾದ 13 ತಂಬಾಕು ವ್ಯಸನಮುಕ್ತಿ ಚಿಕಿತ್ಸಾಲಯಗಳಲ್ಲಿ ಅಲ್ಲಿಯದೂ ಒಂದು. ಡಾ. ಪ್ರತಿಮಾ ಮೂರ್ತಿಯವರಂಥ ಮನೋವೈದ್ಯರು ಅಲ್ಲಿ ಚಿಕಿತ್ಸೆಯ ಜೊತೆಗೆ ಸಂಶೋಧನೆಯನ್ನೂ ಬೆಳೆಸಿದರು. ನಿಕೋಟಿನ್‌ಗೆ ಮಿದುಳೇ ಒಗ್ಗಿಹೋಗಿರುತ್ತದೆ, ಹಂಗಿಸಿದರೆ ಬಿಡುವುದಿಲ್ಲವೆಂದು ವೈದ್ಯರು ತಿಳಿಹೇಳಿದರು. ನಿಕೋಟಿನ್ ಗಮ್, ಆಪ್ತಸಲಹೆ ಕೊಟ್ಟರು. “ಹೊಗೆಸೊಪ್ಪು ಎಲ್ಲಿಂದ ಕೊಳ್ಳುತ್ತೀರಿ?” ಎಂದಾಗ ನಾವು ತಲೆ ತಗ್ಗಿಸಿದೆವು.

ಮರುದಿನವೇ ಆ ಡಬ್ಬಿಗಳನ್ನು ತೆಗೆದೆವು. ವ್ಯಾಪಾರ ತುಸು ಇಳಿಯಿತು. ಅಣ್ಣನವರ ನಿಯಮ ನಿಂತಿತು. ಬಂಧುಗಳೇ, ನಿಮ್ಮ ಅಂಗಡಿಯ ಕಪಾಟನ್ನೂ ಒಮ್ಮೆ ನೋಡಿಕೊಳ್ಳಿ.