ಬೆರಳಗಲದ ಸಂದು

ಹೊಸದಾಗಿ ಕಟ್ಟಿದ ಕಟ್ಟಡದಲ್ಲಿ ಎಲ್ಲಿಯಾದರೂ ಸೀಳು ಕಂಡಿತೆಂದರೆ ಕಟ್ಟಿಸಿದವರ ಮನಸ್ಸು ಕಳವಳಗೊಳ್ಳುವುದು ಸಹಜವೇ. ಆದರೆ ಬಿರುಕು ಬೇರೆ, ಸಂದು ಬೇರೆ. ಮೊದಲನೆಯದು ತಾನಾಗಿ ಬಿಡುವುದು, ಎರಡನೆಯದು ಬಲ್ಲವನು ಬಿಟ್ಟದ್ದು. ಧಾರವಾಡದ ಕಡೆಯ ಗೃಹಸ್ಥರೊಬ್ಬರು ಈ ಭೇದವನ್ನು ತಮ್ಮ ಹಿತ್ತಲಿನ ಈಜುಕೊಳದ ದಂಡೆಯಲ್ಲಿ ಕಲಿಯಬೇಕಾಯಿತು.

ಬೇಸಗೆಯ ಬಿಡುವಿಗೆ ಬರುವ ಮೊಮ್ಮಕ್ಕಳಿಗಾಗಿ ಅವರು ಆ ಕೊಳವನ್ನು ಕಟ್ಟಿಸಿದ್ದರು. ಕೊಳದ ಅಂಚಿಗೂ ಅದನ್ನು ಸುತ್ತುವರಿದ ಕಾಂಕ್ರೀಟು ಕಟ್ಟೆಗೂ ನಡುವೆ ಗೌಂಡಿಯು ಅರ್ಧ ಅಂಗುಲದ ಸಂದನ್ನು ಬಿಟ್ಟು, ಒಳಗೆ ಮೆತ್ತನೆಯ ಹುರಿಯೊಂದನ್ನು ಇಳಿಸಿ, ಮೇಲೆ ರಬ್ಬರಿನಂತೆ ಬಾಗುವ ಅಂಟನ್ನು ತುಂಬಿದ್ದನು. ಯಜಮಾನರ ಕಣ್ಣಿಗೆ ಅದು ಅರೆಗೆಲಸವೆಂದು ತೋರಿತು. ಗೌಂಡಿಯು ಬೇರೆ ಊರಿನ ಕೆಲಸಕ್ಕೆ ಹೋದ ಮೇಲೆ ಅವರು ಅದನ್ನೆಲ್ಲ ಕೀಳಿಸಿ, ಸಿಮೆಂಟು ತುಂಬಿಸಿ, ನುಣುಪು ಮಾಡಿಸಿದರು. ನೋಡಿದವರೆಲ್ಲರೂ ಮೆಚ್ಚಿದರು.

ಮೆಚ್ಚದೆ ಉಳಿದವು ಬಿಸಿಲು ಮತ್ತು ಎರೆಮಣ್ಣು. ಆರು ಮೀಟರು ಉದ್ದದ ಕಾಂಕ್ರೀಟು ಹಾಸು 30 ಡಿಗ್ರಿಗಳಷ್ಟು ಹೆಚ್ಚಾಗಿ ಕಾದರೆ ಸುಮಾರು 2 ಮಿಲಿಮೀಟರು ಬೆಳೆಯುತ್ತದೆ. ನೀರನ್ನು ತುಂಬಿಕೊಂಡ ಕೊಳದ ಗೋಡೆಯಾದರೋ ಅಷ್ಟು ಕಾಯುವುದಿಲ್ಲ. ಅದಲ್ಲದೆ ಕೊಳವು ಆಳದಲ್ಲಿ ಕುಳಿತಿರುತ್ತದೆ. ಕಟ್ಟೆಯು ಮೇಲುಮಣ್ಣಿನ ಮೇಲೆ ಮಲಗಿರುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಾಯ್ದೆರೆಯುವುದನ್ನು ಆ ಸೀಮೆಯ ಒಕ್ಕಲಿಗರೆಲ್ಲರೂ ಬಲ್ಲರು. ಹೀಗೆ ಏಳುತ್ತ ಇಳಿಯುತ್ತ ಇರುವ ಕಟ್ಟೆಯನ್ನು ಅಲುಗದ ಕೊಳಕ್ಕೆ ಬಿಗಿದರೆ, ನೂಕುವ ಬಲವೆಲ್ಲವೂ ಅಂಚಿನ ಮೇಲೆಯೇ ಬೀಳತಕ್ಕದ್ದು.

ಎರಡನೆಯ ಬೇಸಗೆಗೆ ಅಂಚಿನ ಬಿಲ್ಲೆಗಳು ಸಿಡಿದೆದ್ದವು. ಸೀಳಿನಿಂದ ಇಳಿದ ನೀರು ಮಣ್ಣನ್ನು ಇನ್ನಷ್ಟು ಉಬ್ಬಿಸಿತು. ಒಡೆದ ಬಿಲ್ಲೆಯೊಂದು ಕಿರಿಯ ಮೊಮ್ಮಗನ ಅಂಗಾಲನ್ನು ಕೊಯ್ದಿತು. ಆ ರಜೆಯಲ್ಲಿ ಅವನು ಮತ್ತೆ ನೀರಿಗೆ ಇಳಿಯಲಿಲ್ಲ.

ಹೇಳಿ ಕಳುಹಿಸಿದಾಗ ಗೌಂಡಿ ಬಂದನು. ದಂಡೆಯ ಸುತ್ತ ಒಮ್ಮೆ ನಡೆದು, "ಸಾಹೇಬ್ರ, ಅದು ಮರತು ಬಿಟ್ಟದ್ದಲ್ಲರೀ, ಬೇಕಂತ್ಲೇ ಬಿಟ್ಟದ್ದು" ಎಂದನು. ಹೆಚ್ಚಿಗೆ ಏನನ್ನೂ ಆಡಲಿಲ್ಲ. ಯಜಮಾನರು ತಲೆ ತಗ್ಗಿಸಿದರು.

ಸಂದನ್ನು ಮತ್ತೆ ಕೊರೆದು ತೆರೆಯಲಾಯಿತು. ಅಂಟು ಎರಡು ಪಕ್ಕಗಳನ್ನು ಮಾತ್ರ ಹಿಡಿಯಬೇಕು, ತಳಕ್ಕೆ ಅಂಟಕೂಡದು. ಮೂರು ಕಡೆಯೂ ಹಿಡಿದರೆ ಹಿಗ್ಗಲಾರದೆ ಹರಿಯುತ್ತದೆ. ಒಳಗಿನ ಹುರಿ ಇರುವುದು ಆ ಕಾರಣಕ್ಕಾಗಿಯೇ ಎಂಬುದನ್ನು ಯಜಮಾನರು ಈ ಸಲ ಪಕ್ಕದಲ್ಲಿ ಕುಳಿತು ಕೇಳಿ ತಿಳಿದುಕೊಂಡರು. ಬಿಸಿಲಿಗೂ ಕ್ಲೋರಿನ್ನಿನ ನೀರಿಗೂ ಆ ಅಂಟು ಕೆಲವು ವರುಷಗಳಲ್ಲಿ ಸೊರಗುವುದರಿಂದ ಅದನ್ನು ನೋಡಿಕೊಳ್ಳುತ್ತಲೇ ಇರಬೇಕು.

ಮರುವರುಷ ಬಂದ ಮೊಮ್ಮಗನು ಆ ಕಪ್ಪು ಗೆರೆಯನ್ನು ಕಂಡು, ಅದೇಕೆ ಹಾಗೆ ಬಿಟ್ಟಿದೆಯೆಂದು ಕೇಳಿದನು. ಅಜ್ಜನು ಅವನ ಹೆಬ್ಬೆರಳನ್ನು ಹಿಡಿದು ಸಂದಿನ ಮೇಲೆ ಒತ್ತಿಸಿದನು. ಅದು ತುಸು ತಗ್ಗಿ, ಮತ್ತೆ ಮೇಲಕ್ಕೆ ಬಂದಿತು. ಹುಡುಗನು ನಕ್ಕು ನೀರಿಗೆ ಹಾರಿದನು.